ಬಾಬುಮಿಯಾನ ಆಡು, ಸೈದಾನಬಿಯ ಹೊಟ್ಟು

ನಮ್ಮ ಕಡೆ ಒಂದು ಮಾತಿದೆ. ಯಾರ ಆಡು ಯಾರ ಅಂಗಳಕ್ಕೆ ನುಗ್ಗಿ ಏನು ತಿಂದು ಹೋದರೂ ಆಡಿನ ಯಜಮಾನ ಎರಡೂ ಕೈ ಮೇಲೆತ್ತಿ ಹೇಳುತ್ತಾನೆ: "ಮೂಕ ಪ್ರಾಣಿ ರೀ, ಅದಕ್ಕೇನ್ ತಿಳೀತದ?"

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪ್ರಾಣಿ ಮೂಕ, ಒಪ್ಪಿದೆ. ಬೆಳಿಗ್ಗೆ ಅದರ ಹಾಲು ಹಿಂಡಿಕೊಂಡು, ಹೊರಗೆ ಅಟ್ಟಿ, ಕದ ಹಾಕಿಕೊಂಡವನೂ ಮೂಕನೇ? ದನಗಳ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದವನು ನಾನು. ಆಡು, ಎಮ್ಮೆ, ಎತ್ತು ಎಲ್ಲದರ ಬಾಯಿಗೂ ಕೈ ಹಾಕಿ ಔಷಧ ಕುಡಿಸಿದ್ದೇನೆ. ಅವುಗಳಲ್ಲಿ ಒಂದೂ ನನಗೆ ಸುಳ್ಳು ಹೇಳಿಲ್ಲ. ಹೇಳಿದವರೆಲ್ಲ ಅವುಗಳ ಹಗ್ಗ ಹಿಡಿದುಕೊಂಡು ಬಂದವರು.

ಸೈದಾನಬಿಯನ್ನು ನೆನೆಸಿಕೊಂಡರೆ ಮೊದಲು ಈ ಸಿಟ್ಟೇ ಬರುತ್ತದೆ. ಅದು ಅರವತ್ತೆಂಟನೆಯ ಇಸ್ವಿ, ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಚಿತ್ತಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ಹಾದಿ ನಮ್ಮೂರು, ಹೊಳೆಯ ದಂಡೆಗೆ. ಸೈದಾನಬಿಯ ಗಂಡ ಖಾಜಾ ಶಹಾಬಾದಿನ ಕಡೆ ಕಲ್ಲಿನ ಗಣಿಯಲ್ಲಿ, ನೆಲಕ್ಕೆ ಹಾಸುವ ಪರಸಿಕಲ್ಲು ಎಬ್ಬಿಸುವ ಕೆಲಸದಲ್ಲಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತು, ಕೆಮ್ಮಿ ಕೆಮ್ಮಿ ಸತ್ತ. ನಲವತ್ತೂ ಆಗಿರಲಿಲ್ಲ. ಅವನು ಹೋದ ಮೇಲೆ ಆಕೆ ಇಬ್ಬರು ಹೆಣ್ಣುಮಕ್ಕಳನ್ನೂ ಒಂದು ಎಮ್ಮೆಕರುವನ್ನೂ ಕರೆದುಕೊಂಡು ತವರಿನ ಹಾಳುಮನೆಗೆ ಬಂದಳು. ಆ ಕರುವಿಗೆ ಮುರಾದಿ ಅಂತ ಹೆಸರಿಟ್ಟಿದ್ದಳು. ಮುರಾದಿ ದೊಡ್ಡದಾಗಿ ಒಂದು ಸಲ ಈದು, ಆ ಹಾಲಿನ ಮೇಲೆಯೇ ಆ ಮನೆ ನಿಂತಿತ್ತು.

ಆಕೆಯ ಎಮ್ಮೆ ಸಾಕುವ ರೀತಿಯೇ ಬೇರೆ. ಊರಿನಲ್ಲಿ ಎಲ್ಲರೂ ದನ ಬಿಟ್ಟು ಸಾಕಿದರೆ ಇವಳು ಕಟ್ಟಿ ಸಾಕಿದಳು. ಮಳೆಗಾಲದಲ್ಲಿ ಹೊಳೆಯ ದಂಡೆಯಿಂದ ಹುಲ್ಲು ಕೊಯ್ದು ತಲೆಯ ಮೇಲೆ ಹೊತ್ತು ತರುವಳು. ತೊಗರಿಯ ಸುಗ್ಗಿಯಲ್ಲಿ ನಾಲ್ಕು ಜನರ ಕಣದಲ್ಲಿ ಕೆಲಸಕ್ಕೆ ನಿಲ್ಲುವಳು. ಬಡಿಯುವುದು, ತೂರುವುದು ಎಲ್ಲ ಮುಗಿದು ಕೂಲಿ ಕೊಡಲು ಬಂದರೆ, "ಕೂಲಿ ಬ್ಯಾಡ್ರಿ, ಹೊಟ್ಟು ಕೊಡ್ರಿ" ಅನ್ನುವಳು. ಜನ ನಗುತ್ತಿದ್ದರು. ನಗಲಿ. ಒಂದೂವರೆ ತಿಂಗಳು ತೂರಿ, ಕಣ್ಣು ಕೆಂಪಾಗಿ, ಎರಡು ಬಂಡಿ ಹೊಟ್ಟು ಆಗುತ್ತಿತ್ತು. ಮನೆಯ ಹಿಂದೆ ಒಡಕು ಪರಸಿಗಳನ್ನು ಸಾಲಾಗಿ ನೆಲದಲ್ಲಿ ಹುಗಿದು ಎದೆಯೆತ್ತರದ ಗೂಡು ಮಾಡಿ ಅದರಲ್ಲಿ ತುಂಬಿಡುತ್ತಿದ್ದಳು. ಫಾಲ್ಗುಣದಿಂದ ಜೂನಿನ ಮಿರಗದ ಮಳೆ ಬೀಳುವವರೆಗೆ, ಹೊಳೆ ಒಣಗಿ ಹುಲ್ಲಿನ ಹೆಸರೇ ಇಲ್ಲದ ದಿನಗಳಲ್ಲಿ, ಮುರಾದಿಯ ಹೊಟ್ಟೆ ಆ ಗೂಡಿನಲ್ಲಿತ್ತು.

ಗೂಡಿನ ಆಚೆ ಓಣಿ. ಓಣಿಯ ಆಚೆ ಬಾಬುಮಿಯಾ.

ಬಾಬುಮಿಯಾ ನಿಜಾಮರ ಕಾಲದ ಪಾಟೀಲಕಿಯ ಮನೆಯವನು. ಪಾಟೀಲಕಿ ಹೋಗಿತ್ತು, ಗತ್ತು ಹೋಗಿರಲಿಲ್ಲ. ಊರಿನ ಅರ್ಧ ಜನ ಅವನ ಹೊಲ ಮಾಡುತ್ತಿದ್ದರು. ನಾನೂ ನನ್ನ ಹೆಂಡತಿ ಹೀರಾಬಾಯಿಯೂ ಇದ್ದದ್ದು ಅವನ ವಾಡೆಯದೇ ಒಂದು ಖೋಲಿಯಲ್ಲಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅವನಿಗೆ ದೊಡ್ಡವು, ಮರಿಗಳು ಸೇರಿ ಹದಿನಾಲ್ಕು ಆಡು. ಮುಂದಾಳಾಗಿ ಒಂದು ಬಿಳಿ ಆಡು, ಕೊರಳಲ್ಲಿ ಗಂಟೆ. ಅದರ ನಡಿಗೆ ನೋಡಿ ಓಣಿಯವರು ಬೇಗಂ ಅಂತ ಹೆಸರಿಟ್ಟಿದ್ದರು. ಬೆಳಿಗ್ಗೆ ಬಾಬುಮಿಯಾನ ಹೆಂಡತಿ ಹಮೀದಾಬೇಗಂ ಹಾಲು ಹಿಂಡಿ ಹೊರಗೆ ಬಿಟ್ಟಳೆಂದರೆ ಬೇಗಂ ಬಲಕ್ಕೆ ನೋಡುತ್ತಿರಲಿಲ್ಲ, ಎಡಕ್ಕೆ ನೋಡುತ್ತಿರಲಿಲ್ಲ, ನೆಟ್ಟಗೆ ಸೈದಾನಬಿಯ ಪರಸಿ ಹಾರುತ್ತಿತ್ತು. ಹಿಂದೆ ಉಳಿದ ಹದಿಮೂರು. ಮಧ್ಯಾಹ್ನದವರೆಗೆ ಹೊಟ್ಟು ತಿಂದು, ಮುರಾದಿಯ ಕೊಟ್ಟಿಗೆಯ ನೆರಳಿನಲ್ಲಿ ಮಲಗಿ ಮೆಲಕು ಹಾಕಿ, ಸಂಜೆಗೆ ತಮ್ಮ ಮನೆಗೆ.

ಸೈದಾನಬಿ ಸುಮ್ಮನಿರುವ ಹೆಂಗಸಲ್ಲ. ಅವನ ಬಾಗಿಲಿಗೆ ಹೋದಳು. ಅವನು ಹೊರಸಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಬಾಬುಭಾಯಿ, ನಿನ್ನ ಆಡು ನನ್ನ ಎಮ್ಮೀದು ಅನ್ನ ತಿನ್ಲಿಕತ್ತಾವ. ಕಟ್ಟಿ ಹಾಕಪಾ."

"ಮೂಕ ಪ್ರಾಣಿ, ಸೈದಾನಬಿ. ಅದಕ್ಕ ಅಕ್ಕಲ್ ಎಲ್ಲಿಂದ ಬರಬೇಕು?"

"ಅದಕ್ಕ ಇಲ್ಲ ಅಂತ ನನಗೂ ಗೊತ್ತದ. ಅದಕ್ಕೇ ನಿನ್ನ ಹತ್ರ ಬಂದೀನಿ."

ಅವನು ನಕ್ಕ. ಅಷ್ಟೇ.

ಆಮೇಲೆ ಆಕೆ ಮಾಡದ ಉಪಾಯವಿಲ್ಲ. ಗೂಡಿನ ಸುತ್ತ ಜಾಲಿಮುಳ್ಳು ಹಚ್ಚಿದಳು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಬೇಗಂ ಮುಳ್ಳು ಬಿಟ್ಟು ಜಾಲಿಯನ್ನೆಲ್ಲ ತಿಂದು ಆಮೇಲೆ ಹೊಟ್ಟಿಗೆ ಬಾಯಿ ಹಾಕಿತು. ಸಗಣಿನೀರು ಚಿಮುಕಿಸಿದಳು. ಆಡು ಮೂಸಿ ಹಿಂದೆ ಸರಿದವು ನಿಜ, ಮುರಾದಿಯೂ ಮೂಸಿ ಹಿಂದೆ ಸರಿಯಿತು. ಒಂದು ದಿನ ಹದಿನಾಲ್ಕನ್ನೂ ಹಿಡಿದು ಕಟ್ಟಿಹಾಕಿದಳು. ಹಮೀದಾಬೇಗಂ ಬಂದು, ಮಕ್ಕಳಿಗೆ ಹಾಲಿಲ್ಲ ಅಂತ ಸೆರಗು ಕಣ್ಣಿಗೆ ಒತ್ತಿದಳು. ಇವಳ ಕರುಳು ಕರಗಿ ಬಿಟ್ಟುಬಿಟ್ಟಳು. ತುಡುಗು ದನ ಕೂಡಿಹಾಕುವ ಕೊಂಡವಾಡಕ್ಕೆ ಹೊಡೆಯೋಣವೆಂದರೆ ನಮ್ಮೂರ ಕೊಂಡವಾಡದ ಗೋಡೆ ಬಿದ್ದು ಆರು ವರ್ಷ. ಅದರ ಪರಸಿಗಳು ಎಲ್ಲಿ ಹೋದವು ಅಂತ ಕೇಳಬೇಡಿ. ಬಾಬುಮಿಯಾನ ಪಡಸಾಲೆಗೆ ಹೋಗಿ ಕಾಲ ಕೆಳಗೆ ನೋಡಿ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಆ ಆಡುಗಳು ಈಯುವುದಕ್ಕೂ ಸೈದಾನಬಿಯ ಕೊಟ್ಟಿಗೆಗೇ ಬರುತ್ತಿದ್ದವು. ಬಾಬುಮಿಯಾನ ಅಂಗಳದಲ್ಲಿ ಸದಾ ಗದ್ದಲ, ಇಲ್ಲಿ ಕತ್ತಲು, ತಂಪು, ಒಳ್ಳೆಯ ಮೇವು. ಒಂದು ಸಲ ಬೇಗಂ ಆಡಿನ ಹೊಟ್ಟೆಯಲ್ಲಿ ಮರಿ ಅಡ್ಡ ಸಿಕ್ಕಿಕೊಂಡಿತು. ಸೈದಾನಬಿ ಓಡಿಬಂದು ನನ್ನನ್ನು ಕರೆದಳು. ನಾನು ಮೊಣಕೈವರೆಗೆ ಸಾಬೂನು ಹಚ್ಚಿಕೊಂಡು ಎರಡು ಮರಿ ಎಳೆದು ತೆಗೆದೆ. ಆಕೆ ಮರಿಗಳ ಮೂಗು ತನ್ನ ಸೆರಗಿನಿಂದ ಒರೆಸಿ, ಬೇಗಂಗೆ ಬೆಲ್ಲ ಹಾಕಿದ ಜೋಳದ ಅಂಬಲಿ ಕುಡಿಸಿದಳು. ಮಾರನೆಯ ಬೆಳಿಗ್ಗೆ ಬಾಬುಮಿಯಾ ಬಂದು ಎರಡೂ ಮರಿ ಬಗಲಲ್ಲಿ ಇಟ್ಟುಕೊಂಡು ಹೋದ. ಶುಕ್ರಿಯಾ ಅನ್ನುವ ಮೂರಕ್ಷರ ಅವನ ಬಾಯಿಂದ ಬರಲಿಲ್ಲ. ಎರಡು ವರ್ಷದಲ್ಲಿ ಹೀಗೆ ಎಂಟು ಮರಿ ಆ ಕೊಟ್ಟಿಗೆಯಲ್ಲಿ ಹುಟ್ಟಿ ಬದುಕಿದವು. ಎಂಟಕ್ಕೂ ನಾನು ಸಾಕ್ಷಿ.

ಈಗ ಆ ಬೇಸಿಗೆಗೆ ಬರುತ್ತೇನೆ. ಮುರಾದಿ ಎರಡನೆಯ ಸಲ ಗಬ್ಬವಾಗಿತ್ತು, ಈಯಲು ಒಂದೂವರೆ ತಿಂಗಳು. ಮೊದಲಿನ ಹಾಲು ಬತ್ತಿಹೋಗಿತ್ತು. ಗೂಡಿನಲ್ಲಿ ಆಗ ತಾನೇ ತುಂಬಿದ ಎರಡು ಬಂಡಿ ಹೊಟ್ಟು. ಅದನ್ನು ಕಾಯಲು ಸೈದಾನಬಿ ಹಗಲೆಲ್ಲ ಕೋಲು ಹಿಡಿದು ಗೂಡಿನ ಬಾಯಲ್ಲೇ ಕೂತಳು. ಬೇಗಂ ಎರಡು ದಿನ ದೂರ ನಿಂತು ನೋಡಿತು. ಮೂರನೆಯ ದಿನ ದಂಡು ಕಟ್ಟಿಕೊಂಡು ಹೊಳೆಯ ಕಡೆ ಇಳಿಯಿತು.

ಹೊಳೆಯ ಮಡುವಿನ ಪಕ್ಕದಲ್ಲಿ ಖಂಡಪ್ಪನ ಕಾಯಿಪಲ್ಲೆ ಇತ್ತು. ಒಂಟಿ ಮನುಷ್ಯ, ಮೂಗಿನ ತುದಿಯಲ್ಲಿ ಸಿಟ್ಟು. ಕೊಡ ಕೊಡ ನೀರು ಹೊತ್ತು ಪುಂಡಿಪಲ್ಲೆ, ಮೆಂತ್ಯ ಬೆಳೆಸಿದ್ದ, ಮಾರನೆಯ ದಿನ ಕೊಯ್ದು ಚಿತ್ತಾಪುರದ ಸಂತೆಗೆ ಒಯ್ಯುವುದಿತ್ತು. ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಮಡಿ ಮಡಿಯೂ ಬೋಳು. ಆಡು ಎಣಿಸಿದ, ಹದಿನಾಲ್ಕು. ಹೊಡೆದುಕೊಂಡು ಚಾವಡಿಗೆ ತಂದ.

ಚಾವಡಿಯಲ್ಲಿ ಐದಾರು ಹಿರಿಯರು ಕೂತರು. ನಡುವೆ ಮಜೀದಸಾಬ. ವಯಸ್ಸಾದವರು, ಎಲ್ಲರಿಗೂ ಬೇಕಾದವರು, ಅದಕ್ಕೇ ಯಾರನ್ನೂ ನೋಯಿಸಲು ಮನಸ್ಸಿಲ್ಲದವರು. ಖಂಡಪ್ಪ ಕೂಗಾಡುತ್ತಿದ್ದ. ಬಾಬುಮಿಯಾ ಬಂದ. ಈ ಸಲ 'ಮೂಕ ಪ್ರಾಣಿ' ನಡೆಯುವುದಿಲ್ಲವೆಂದು ಅವನಿಗೆ ಖಂಡಪ್ಪನ ಕೈಯ ಕೋಲು ನೋಡಿಯೇ ತಿಳಿದಿರಬೇಕು. ಗಂಟಲು ಸರಿಮಾಡಿಕೊಂಡು ಹೇಳಿದ:

"ಆಡು ನನ್ನವೇ, ಖರೆ. ಆದ್ರ ಅವು ಪಾಲಿಗಿ ಕೊಟ್ಟಿದ್ದ ಆಡು. ಮೇಯ್ಸೋಕಿ ಸೈದಾನಬಿ. ಆಕೀಗಿ ಕೇಳ್ರಿ."

ಪಾಲಿಗೆ ಕೊಡುವುದು ನಮ್ಮ ಕಡೆಯ ಹಳೆಯ ರೂಢಿ. ಇದ್ದವನು ನಾಲ್ಕು ಆಡು ಕೊಡುತ್ತಾನೆ, ಇಲ್ಲದವನು ಮೇಯಿಸುತ್ತಾನೆ. ಹಾಲು ಮೇಯಿಸಿದವನಿಗೆ, ಹುಟ್ಟಿದ ಮರಿ ಇಬ್ಬರಿಗೂ ಅರ್ಧ ಅರ್ಧ. ಆಡು ಯಾರ ಬೆಳೆಗಾದರೂ ಬಾಯಿ ಹಾಕಿದರೆ ಅದರ ಹೊರೆ ಮಾತ್ರ ಮೇಯಿಸಿದವನದೇ. ಬಾಬುಮಿಯಾ ಹಿಡಿದದ್ದು ಈ ಕಡೆಯ ತುದಿಯನ್ನು.

ಸೈದಾನಬಿಯನ್ನು ಕರೆಸಿದರು. ಹಿಟ್ಟಿನ ಕೈಯಲ್ಲೇ ಬಂದಳು. ವಿಷಯ ಕೇಳಿ ಬಾಬುಮಿಯಾನ ಕಡೆ ತಿರುಗಿದಳು.

"ಯಾ ಅಲ್ಲಾ! ನನಗ್ಯಾವಾಗ ಪಾಲಿಗಿ ಕೊಟ್ಟೀದಿ? ನನ್ನ ಹೊಟ್ಟು ತಿಂದು ನನ್ನ ಹೊಟ್ಟಿ ಮ್ಯಾಲ ಹೊಡೀಲಿಕತ್ತೀಯಲ್ಲೋ!"

"ಎರಡು ವರ್ಷದಿಂದ ಹಗಲೆಲ್ಲ ನಿನ್ನ ಕೊಟ್ಟಿಗ್ಯಾಗೇ ಇರ್ತಾವ. ಊರಿಗೇ ಗೊತ್ತದ," ಅಂದ ಬಾಬುಮಿಯಾ.

"ಎಷ್ಟು ಕೊಟ್ಟಿದ್ದಿ?" ಮಜೀದಸಾಬ ಕೇಳಿದರು.

"ಆರು. ಹೋದದ್ದರ ಹಿಂದಿನ ಬಕ್ರೀದ್ ಮುಗಿದ ಮ್ಯಾಲ. ಬೇಗಂ, ಮತ್ತ ಐದು."

ಸುಳ್ಳು ಹೇಳುವವನಿಗೆ ಇದೊಂದು ಚಟ. ದಿನ, ಎಣಿಕೆ ಎಲ್ಲ ಸೇರಿಸಿದರೆ ಸುಳ್ಳಿಗೆ ಮೂಳೆ ಬಂತೆಂದು ತಿಳಿಯುತ್ತಾನೆ.

ಅಲ್ಲಿದ್ದ ಒಬ್ಬೊಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ದಿನಾ ಬೆಳಿಗ್ಗೆ ಹಮೀದಾಬೇಗಂ ಹಾಲು ಹಿಂಡುವುದನ್ನು ಯಾರು ನೋಡಿರಲಿಲ್ಲ? ಸೈದಾನಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬನಿಗೆ ಬಾಬುಮಿಯಾನ ಹೊಲ ಬೇಕಿತ್ತು, ಒಬ್ಬನಿಗೆ ಅವನ ಎತ್ತು. ಕಡೆಗೆ ಕಂಬದ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದಳು.

"ಚಂದ್ರಾಮಣ್ಣಾ, ನೀ ಹೇಳಲ್ಲಾ."

ನನಗೆ ಖೋಲಿ ಬೇಕಿತ್ತು. ಹೀರಾಬಾಯಿ ಆಗ ಬಸುರಿ, ಎಲ್ಲಿಗೆ ಹೋಗಲಿ? "ನಾ ಸರ್ಕಾರಿ ಮನುಷ್ಯ, ಊರಿನ ಪಂಚಾಯ್ತ್ಯಾಗ ನಾ ಏನ್ ಹೇಳ್ಲಿ" ಅಂದೆ. ಎಷ್ಟು ಸಭ್ಯವಾದ ಮಾತು ನೋಡಿ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಖಂಡಪ್ಪನ ಪಲ್ಲೆಯ ಬದಲಿಗೆ ಸೈದಾನಬಿ ಎರಡು ಬಂಡಿ ಹೊಟ್ಟು ಕೊಡಬೇಕು ಅಂತ ತೀರ್ಮಾನವಾಯಿತು. ಖಂಡಪ್ಪನ ಎತ್ತುಗಳಿಗೂ ಬೇಸಿಗೆಗೆ ಮೇವಿರಲಿಲ್ಲ, ಅವನು ಒಪ್ಪಿದ. ಗಬ್ಬದ ಎಮ್ಮೆಗೆ ಮಿರಗದವರೆಗೆ ಏನು ಹಾಕಬೇಕು ಅಂತ ಯಾರೂ ಕೇಳಲಿಲ್ಲ. ಮಾರಬೇಕು, ಇನ್ನೇನು. ಮುರಾದಿಯನ್ನು ಮಾರಿದರೆ ಆ ಮೂವರೂ ಏನು ತಿನ್ನಬೇಕು ಅಂತಲೂ ಕೇಳಲಿಲ್ಲ.

ಸೈದಾನಬಿ ಅಷ್ಟು ಹೊತ್ತು ಕೂಗಿದವಳು ಇದ್ದಕ್ಕಿದ್ದಂತೆ ದನಿ ಇಳಿಸಿದಳು. ಕೈಗೆ ಅಂಟಿದ ಹಿಟ್ಟು ಉದುರಿಸಿಕೊಂಡಳು.

"ಮಜೀದಸಾಬ ಚಾಚಾ, ಪಾಲಿಗಿ ಕೊಟ್ಟಾನಂತ ನೀವೆಲ್ಲಾರೂ ಒಪ್ಪೀರಿ?"

"ಒಪ್ಪೀವವ್ವ."

"ಆರು ಕೊಟ್ಟಾನ?"

"ಆರು ಅಂತ ಅವನೇ ಹೇಳ್ಯಾನಲ್ಲ."

"ಆಯ್ತು," ಅಂದು ಮನೆಗೆ ನಡೆದಳು. ಸಂಜೆಗೆ ಖಂಡಪ್ಪನ ಬಂಡಿ ಬಂದು ಎರಡು ಸಲ ತುಂಬಿಕೊಂಡು ಹೋಯಿತು. ಆಕೆಯೇ ಬುಟ್ಟಿ ಬುಟ್ಟಿ ತುಂಬಿ ಕೊಟ್ಟಳಂತೆ. ಗೂಡು ಖಾಲಿಯಾಯಿತು. ಮುರಾದಿ ಹಗ್ಗ ಜಗ್ಗಿ ಖಾಲಿ ಗೂಡಿನ ಕಡೆ ಕೊರಳು ಚಾಚುತ್ತಿತ್ತು.

ಮಾರನೆಯ ಬೆಳಿಗ್ಗೆ ಬುದ್ಧಿ ಕಲಿಯದ ಬೇಗಂ ರೂಢಿಯಂತೆ ಪರಸಿ ಹಾರಿತು. ಹದಿನಾಲ್ಕೂ ಖಾಲಿ ಗೂಡಿನಲ್ಲಿ ಮೂಸಾಡುತ್ತಿರುವಾಗ ಸೈದಾನಬಿ ಒಂದೊಂದನ್ನೇ ಹಿಡಿದು ಗೂಟಕ್ಕೆ ಕಟ್ಟಿದಳು. ಸಂಜೆಗೆ ಹಮೀದಾಬೇಗಂ ಬಂದಳು, ಅತ್ತಳು. ಈ ಸಲ ಕರುಳು ಕರಗಲಿಲ್ಲ. ಕಡೆಗೆ ಬಾಬುಮಿಯಾನೇ ಬಂದ.

"ಆಡು ಬಿಡು."

"ಯಾಕ್ ಬಿಡ್ಲಿ? ಪಾಲಿನ ಆಡು, ಮೇಯ್ಸೋಕಿ ನಾ. ನನಗ ಇನ್ನ ಮೇಯ್ಸೋದು ಆಗಂಗಿಲ್ಲ. ಪಾಲು ಮುರೀತೀನಿ. ಮರಿ ಹಂಚು, ನಿನ್ನ ಆರು ನೀ ಹೊಡಕೊಂಡ್ ಹೋಗು."

"ಏನ್ ಹಂಚೋದು? ಹುಚ್ಚು ಹಿಡದದೇನು?"

"ನಡಿ ಚಾವಡಿಗಿ."

ಹಿರಿಯರು ಮತ್ತೆ ಕೂತರು. ನಿನ್ನೆ ಅರ್ಧ ಊರು ಬಂದಿತ್ತು, ಇವತ್ತು ಇಡೀ ಊರು. ಸೈದಾನಬಿ ಆಡುಗಳನ್ನೂ ಹೊಡೆದುಕೊಂಡೇ ಬಂದಿದ್ದಳು. ನಿಂತುಕೊಂಡೇ ಹೇಳಿದಳು:

"ನಿನ್ನಿ ನೀವೆಲ್ಲ ಕೂಡಿ, ಆರು ಆಡು ಪಾಲಿಗಿ ಕೊಟ್ಟಾನ ಅಂದ್ರಿ. ಒಪ್ಪೀನಿ. ಅದಕ್ಕ ನನ್ನ ಹೊಟ್ಟು ಕೊಟ್ಟೀನಿ, ಒಂದು ಬುಟ್ಟಿ ಸುದ್ದಾ ಇಟ್ಕೊಂಡಿಲ್ಲ. ಇವತ್ತು ಹದಿನಾಲ್ಕು ಅದಾವ. ಎಂಟು ಹೆಚ್ಚಾಗ್ಯಾವ. ಎಂಟರಾಗ ನಾಕು ನಂದು. ಎರಡು ವರ್ಷದ ಹಾಲೂ ನಂದೇ ಆಗ್ಬೇಕಿತ್ತು, ಅದು ಬಿಟ್ಟೀನಿ. ಬಾಬುಭಾಯಿ ಮಕ್ಕಳು ಕುಡದಾವ, ಕುಡೀಲಿ."

ಬಾಬುಮಿಯಾನ ಮುಖ ನೋಡಬೇಕಿತ್ತು. ಪಾಲಿಗೆ ಕೊಟ್ಟಿದ್ದು ಹೌದೆಂದರೆ ನಾಲ್ಕು ಆಡು ಹೋಗುತ್ತವೆ. ಅಲ್ಲವೆಂದರೆ ನಿನ್ನೆ ಹಿರಿಯರ ಮುಂದೆ ಹೇಳಿದ್ದು ಸುಳ್ಳಾಗುತ್ತದೆ, ಖಂಡಪ್ಪನ ಬೆಳೆ ತಲೆಗೆ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಅವನು ಸಂದಿ ಹುಡುಕಿದ.

"ಎಂಟೂ ಹುಟ್ಟಿದ್ದಲ್ಲ. ನಾಕು ನಾ ಸಂತ್ಯಾಗ ತಂದಿದ್ದು."

ಆಗ ನಾನು ಎದ್ದುನಿಂತೆ. ಹೌದು, ಆಗ. ಜನ ಎಲ್ಲ ಸೈದಾನಬಿಯ ಕಡೆ ವಾಲಿದ್ದು ಕಂಡ ಮೇಲೆ, ಬಾಬುಮಿಯಾ ಬೆವರುತ್ತಿದ್ದಾಗ, ನನಗೆ ಧೈರ್ಯ ಬಂತು. "ಎಂಟೂ ಆಕೀ ಕೊಟ್ಟಿಗ್ಯಾಗೇ ಹುಟ್ಯಾವ. ನಾ ಕಣ್ಣಾರೆ ನೋಡೀನಿ, ಎರಡು ನನ್ನ ಕೈಲೆ ಎಳದೀನಿ" ಅಂದೆ. ನನ್ನ ದನಿ ನನಗೇ ಗಂಡಸಿನ ದನಿಯಂತೆ ಕೇಳಿಸಿತು. ಎದೆ ಉಬ್ಬಿಸಿ ಕೂತೆ.

ಖಂಡಪ್ಪ ಕೋಲು ನೆಲಕ್ಕೆ ಕುಟ್ಟಿದ. "ನಿನ್ನಿದು ಸುಳ್ಳಾದ್ರ ನನ್ನ ಪಲ್ಲೆ ನೀ ತುಂಬಿಕೊಡು ಬಾಬುಮಿಯಾ. ಖರೇ ಆದ್ರ ಆಕೀ ಪಾಲು ಆಕೀಗಿ ಕೊಡು. ಎರಡರಾಗ ಒಂದು ಹೇಳು, ಲಗೂನ ಹೇಳು."

ಬಾಬುಮಿಯಾ ನೆಲ ನೋಡುತ್ತ, "ಪಾಲಿಂದೇ" ಅಂದ.

ಪಾಲು ಮಾಡಿದವನು ಕಡೆಗೆ ತೆಗೆದುಕೊಳ್ಳಬೇಕು, ಅದು ರೂಢಿ. ಬಾಬುಮಿಯಾ ಎಂಟು ಮರಿಗಳನ್ನು ನಾಲ್ಕು ನಾಲ್ಕಾಗಿ ನಿಲ್ಲಿಸಿದ, ಸೈದಾನಬಿ ಆರಿಸಿಕೊಂಡಳು. ಅಲ್ಲಿಯೇ ತನ್ನ ಪಾಲಿನ ಎರಡು ಹೋತದ ಮರಿಗಳ ಕಿವಿ ಹಿಡಿದು ಖಂಡಪ್ಪನ ಮುಂದೆ ತಂದಳು.

"ಖಂಡಪ್ಪಣ್ಣಾ, ನಿನ್ನ ಪಲ್ಲೆ ತಿಂದು ಬೆಳದಾವ, ತಗೋ. ನನ್ನ ಹೊಟ್ಟು ತಿರುಗಿ ಕೊಡು."

ಖಂಡಪ್ಪ ಸಿಟ್ಟಿನ ಮನುಷ್ಯನಾದರೂ ನಾಚಿಕೆ ಇದ್ದವನು. ಅಂದೇ ಬಂಡಿ ಹೂಡಿದ. ಎತ್ತುಗಳು ಒಂದು ದಿನ ತಿಂದಷ್ಟು ಬಿಟ್ಟರೆ ಹೊಟ್ಟೆಲ್ಲ ಗೂಡಿಗೆ ತಿರುಗಿ ಬಂತು.

ಸೈದಾನಬಿ ಅಷ್ಟಕ್ಕೇ ಬಿಡಲಿಲ್ಲ. ಚಾವಡಿ ಇಳಿಯುವ ಮುಂಚೆ ಎಲ್ಲರ ಎದುರಿಗೆ ಕೇಳಿದಳು: "ಇವತ್ತಿಗಿ ಪಾಲು ಮುರೀತು. ನಾಳೆ ನಿನ್ನ ಆಡು ನನ್ನ ಗೂಡಿನ್ಯಾಗ ಬಂದ್ರ ಏನ್ ತಿಳೀಲಿ ಬಾಬುಭಾಯಿ? ಮತ್ತ ಪಾಲಿಗಿ ಬಂದಾವಂತ ತಿಳೀಲೇನು?"

ಜನ ಗೊಳ್ಳೆಂದು ನಕ್ಕರು. ಮಾರನೆಯ ವಾರ ಪಾಟೀಲರ ಮನೆತನದ ಬಾಬುಮಿಯಾ ಬಿಸಿಲಿನಲ್ಲಿ ಕುಡಗೋಲು ಹಿಡಿದು, ಒಣಗಿದ ಹೊಳೆಯಲ್ಲಿ ಜಾಲಿಸೊಪ್ಪು ತರಿಯುತ್ತಿದ್ದುದನ್ನು ನಾನು ಕಣ್ಣು ತುಂಬ ನೋಡಿದೆ. ಬೇಗಂ ಗೂಟಕ್ಕೆ ಕಟ್ಟಿಸಿಕೊಂಡು ದಿನವಿಡೀ ಅರಚುತ್ತಿತ್ತು. ಪಾಪ, ಅದರದೇನು ತಪ್ಪು? ಮೂಕ ಪ್ರಾಣಿ.

ಆ ಎಮ್ಮೆಯ ಸಂತತಿಯಿಂದ ಸೈದಾನಬಿ ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿದಳು, ವಾಡಿ ಊರಿಗೆ ಒಬ್ಬಳು, ನಾಲವಾರಕ್ಕೆ ಒಬ್ಬಳು. ಎಂಬತ್ತೆರಡರಲ್ಲಿ ತೀರಿಕೊಂಡಾಗ ಕೊಟ್ಟಿಗೆಯಲ್ಲಿ ಮುರಾದಿಯ ಮೊಮ್ಮಗಳು ನಿಂತಿತ್ತು. ಕಡೆಯವರೆಗೂ ಕಟ್ಟಿಯೇ ಸಾಕಿದಳು, ಯಾರ ಹೊಲದ ಒಂದು ಎಲೆಯನ್ನೂ ತನ್ನ ಎಮ್ಮೆಗೆ ತಿನ್ನಿಸಲಿಲ್ಲ. ಅವಳ ಬಗ್ಗೆ ಹೇಳುವುದು ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಆ ಚಾವಡಿಯ ನ್ಯಾಯ ನಡೆದ ಬೇಸಿಗೆಯಲ್ಲೇ ಮುರಾದಿ ಹೆಣ್ಣುಕರು ಹಾಕಿತು. ಎಮ್ಮೆ ಈದರೆ ಗಿಣ್ಣ ಮಾಡಿ ಓಣಿಗೆಲ್ಲ ಹಂಚುವುದು ನಮ್ಮ ಪದ್ಧತಿ. ಸೈದಾನಬಿ ಬೆಲ್ಲ, ಯಾಲಕ್ಕಿ ಹಾಕಿ ಗಿಣ್ಣ ಕಾಯಿಸಿ ಮನೆ ಮನೆಗೆ ಕೊಟ್ಟಳು. ಖಂಡಪ್ಪನಿಗೆ ಕೊಟ್ಟಳು. ಮಜೀದಸಾಬರಿಗೆ ಕೊಟ್ಟಳು. ಬಾಬುಮಿಯಾನ ಮನೆಗೂ ಹೋಗಿ ಹಮೀದಾಬೇಗಂಳ ಕೈಯಲ್ಲಿ ಬಟ್ಟಲು ಇಟ್ಟು ಬಂದಳು. ನಮ್ಮ ಖೋಲಿಯ ಮುಂದೆಯೇ ಹಾದುಹೋದಳು.

ಹೀರಾಬಾಯಿಗೆ ಬಸುರಿ ಬಯಕೆ, ವಾಸನೆ ಬಂದು ಕೂತಲ್ಲಿ ಕೂರಲಿಲ್ಲ. ಮರೆತಿರಬೇಕು ಅಂದುಕೊಂಡು ನಾನೇ ಬಟ್ಟಲು ಹಿಡಿದು ಹೋದೆ. ಸೈದಾನಬಿ ಕರುವಿನ ಮೈ ಒರೆಸುತ್ತಿದ್ದಳು.

"ಓಣಿಗೆಲ್ಲ ಕೊಟ್ಟಿ, ನನಗ ಮರತಿಯೇನು? ನಿನ್ನ ಕಡೆ ಸಾಕ್ಷಿ ಹೇಳಿದವ ನಾ ಒಬ್ಬನೇ" ಅಂದೆ, ನಗುತ್ತ.

ಆಕೆ ನಗಲಿಲ್ಲ. ಎದ್ದು ಒಳಗೆ ಹೋಗಿ ತನ್ನ ಮಕ್ಕಳಿಗೆಂದು ಇಟ್ಟಿದ್ದ ಗಿಣ್ಣ ತಂದು ನನ್ನ ಬಟ್ಟಲಿಗೆ ಹಾಕಿದಳು.

"ಇದು ಹೀರಾಬಾಯಿಗಿ. ಬಸುರಿ ಹೆಂಗಸು, ಆಕೀಗಿ ಇಲ್ಲ ಅನ್ನಬಾರದು. ನೀ ತಿನ್ನಬ್ಯಾಡ." ಮತ್ತೆ ಕರುವಿನ ಹತ್ತಿರ ಕೂತಳು. "ಬಾಬುಮಿಯಾ ಸುಳ್ಳು ಹೇಳಿದ, ಅವನ ಆಡು ಉಳಿಸಿಕೊಳ್ಳಾಕ. ನೀ ಎರಡನೇ ದಿನ ಹೇಳಿದಿ, ಚಂದ್ರಾಮಣ್ಣಾ. ಮೊದಲನೇ ದಿನ ನನ್ನ ಹೊಟ್ಟು ಹೋಗ್ತಿತ್ತು, ನನ್ನ ಎಮ್ಮಿ ಹೋಗ್ತಿತ್ತು, ನಿನ್ನ ಹೆಸರು ಹಿಡಿದು ಕರದೆ. ಆಡು ಮೂಕ ಪ್ರಾಣಿ. ನಿನಗ ಬಾಯಿ ಇತ್ತಲ್ಲಾ?"

ನಾನು ಬಟ್ಟಲು ಹಿಡಿದು ಮನೆಗೆ ಬಂದೆ. ಹೀರಾಬಾಯಿ ತಿನ್ನುತ್ತ, ನೀವೂ ಒಂದು ತುತ್ತು ತಗೋರಿ ಅಂದಳು. ನನಗೆ ಹಸಿವಿಲ್ಲ ಅಂದೆ.